ರಾಹುಕಾಲದ ವಿಮಾನ

ವಿದೇಶಕ್ಕೆ ಮರಳಲಿದ್ದ ಅಳಿಯನ ವಿಮಾನ ಹೊರಡುವುದು ರಾಹುಕಾಲದಲ್ಲಿ ಎಂದು ತಿಳಿದಾಗಿನಿಂದ ಮಾವನವರ ಗೊಣಗಾಟ ನಿಂತಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಮಾತ್ರ ಯಾಕೋ ಅವರ ಮುಖ ಅರಳಿತ್ತು.

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಅಳಿಯನ ಪಾಸ್‌ಪೋರ್ಟ್ ತಿರುವಿ ನೋಡಿ, "ಅಲ್ಲಿನ ಕಾಯಂ ನಿವಾಸಿ ಕಾರ್ಡ್ ಕೊಡಿ ಸರ್. ಅದಿಲ್ದೆ ವಿಮಾನ ಹತ್ತೋಕಾಗಲ್ಲ" ಎಂದಳು.

ಚೀಲವನ್ನೆಲ್ಲ ಜಾಲಾಡಿದರೂ ಕಾರ್ಡ್ ಸಿಗಲಿಲ್ಲ. ಬೆವರುತ್ತ ಮನೆಗೆ ಫೋನ್ ಮಾಡಿದ.

"ಮಾವ, ನನ್ನ ಕಾರ್ಡ್ ನೋಡಿದ್ರಾ?"

"ಅದಿಲ್ದೆ ಪ್ರಯಾಣವೇ ಇಲ್ಲ ಅಂತ ನೀವೇ ಹೇಳಿದ್ರಲ್ಲ. ಅದಕ್ಕೇ ರಾಹುಕಾಲದ ದೋಷ ತಟ್ಟದಿರ್ಲಿ ಅಂತ ಬೆಳಿಗ್ಗೆ ಒಳ್ಳೇ ಗಳಿಗೇಲಿ ಅದನ್ನ ಎದುರುಮನೇಲಿ ಪ್ರಸ್ಥಾನ ಇಟ್ಟು ಬಂದೆ."

"ಹೊರಡುವಾಗ ಹೇಳ್ಬಾರ್ದಿತ್ತಾ?"

"ಮರೆತೇಬಿಟ್ಟೆ." ಮಾವ ಸಮಾಧಾನ ಹೇಳಿದರು: "ಚಿಂತೆ ಮಾಡ್ಬೇಡಿ ಅಳಿಯಂದ್ರೇ. ಶಾಸ್ತ್ರದ ಪ್ರಕಾರ ನೀವು ಬೆಳಿಗ್ಗೇನೇ ಹೊರಟಾಗಿದೆ."