ಗಾಜಿನ ಬಾಗಿಲ ಹೊರಗೆ ಬಿಟ್ಟ ಚಪ್ಪಲಿ

ಹೊಸ ರಬ್ಬರ್ ಚಪ್ಪಲಿಯ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಮೊದಲು ಹೋಗುವುದು ಪಕ್ಕದಲ್ಲಿದ್ದವರ ಕಾಲಿನ ಕಡೆಗೆ.

ಮೂಡಿಗೆರೆಯ ರಿಯಾಯಿತಿ ಅಂಗಡಿ ಆ ವರ್ಷ ಹಳೇ ಓಣಿ ಬಿಟ್ಟು, ಬಸ್‌ಸ್ಟ್ಯಾಂಡಿನ ಹತ್ತಿರ ಗಾಜಿನ ಬಾಗಿಲಿನ ಕಟ್ಟಡಕ್ಕೆ ಬಂದಿತ್ತು. ಹಳೇದರಲ್ಲಿ ಚಪ್ಪಲಿ ಹೊರಗೆ ಬಿಟ್ಟು, ಚಾಪೆ ಮೇಲೆ ಕೂತು ಬಟ್ಟೆ ಬಿಡಿಸಿ ನೋಡುತ್ತಿದ್ದೆವು. ಅಮ್ಮ ಇಲ್ಲೂ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟಳು. ನಾನೂ ಬಿಡಹೋಗಿ ಒಳಗೆ ನೋಡಿದರೆ ಎಲ್ಲರ ಕಾಲಲ್ಲೂ ಚಪ್ಪಲಿ; ನನ್ನದು ಕಾಲಲ್ಲೇ ಉಳಿಯಿತು. ನನಗೆ ನಾಚಿಕೆಯಾಗಿ ಬಕೆಟ್ಟುಗಳ ಸಾಲಿನ ಹಿಂದೆ ಹೋಗಿ ನಿಂತೆ.

"ಪುಟ್ಟೀ, ಇದು ನಿನ್ನ ಕಾಲಿಗಾಗುತ್ತಾ ನೋಡೇ" ಎಂದು ಅಮ್ಮ ಕೂಗಿದಳು. ನಾನು ತಿರುಗಲಿಲ್ಲ. ಅವಳೇ ಅಳತೆ ಅಂದಾಜು ಮಾಡಿ ಆ ಜೊತೆಯನ್ನು ಕೊಂಡಳು.

ಹೊರಗೆ ಬಂದರೆ ಅವಳ ಚಪ್ಪಲಿ ಇರಲಿಲ್ಲ. ಯಾರೋ ಕಸದ ಜೊತೆ ಗುಡಿಸಿ ಹಾಕಿದ್ದರು.

"ಇರ್ಲಿ ಬಿಡೇ ಮಾರಾಯ್ತಿ, ಹ್ಯಾಗೂ ಸವೆದಿತ್ತು."

ಒಳಗೆ ಹೋಗಿ ಇನ್ನೊಂದು ಜೊತೆ ತಗೋ ಅಂತ ನಾನು ಹೇಳಲಿಲ್ಲ. ನನಗೆ ಕೊಂಡ ಹೊಸ ಚಪ್ಪಲಿ ಮಳೆಗೆ ನೆನೆಯದಂತೆ ಸೆರಗಿನೊಳಗೆ ಹಿಡಿದುಕೊಂಡು ಅವಳು ಕೆಸರಲ್ಲೇ ಬಸ್ಸಿಗೆ ನಡೆದಳು.

ಬಣಕಲ್ಲಿನಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಬಸ್ಸು ಹತ್ತಿದಳು. ಅವಳು ನಮ್ಮ ಸೀಟಿನ ಹತ್ತಿರ ಬರುವ ಮೊದಲೇ ಅಮ್ಮ ಕೆಸರಾದ ಕಾಲುಗಳನ್ನು ಸದ್ದಿಲ್ಲದೆ ಸೀಟಿನಡಿಗೆ ಎಳೆದುಕೊಂಡಳು.