ಹನ್ನೊಂದು ಗಂಟೆಯ ತುತ್ತೂರಿ

ಸರಿಯಾಗಿ ಹನ್ನೊಂದಕ್ಕೆ ಗೋಡೆಯಾಚೆಯಿಂದ ತುತ್ತೂರಿ ಅರಚಿತು. ಮನೆ ನೋಡಲು ಬಂದಿದ್ದ ವಕೀಲ ಬೆಚ್ಚಿಬಿದ್ದ. ಅದು ಹಾಡಲ್ಲ, ರಾಗವಲ್ಲ. ಯಾರೋ ಒಂದು ಸ್ವರ ಹಿಡಿಯಲು ಹೋಗಿ ಮತ್ತೆ ಮತ್ತೆ ಜಾರಿಬೀಳುತ್ತಿದ್ದರು. ಹೊಸದಾಗಿ ಮದುವೆಯಾದ ಜೋಡಿಯೊಂದು ಮುಖ ಮುಖ ನೋಡಿಕೊಂಡಿತು. ಐದು ನಿಮಿಷದಲ್ಲಿ ಮೂವರೂ ಮೆಟ್ಟಿಲಿಳಿದಿದ್ದರು.

ಉಳಿದವಳು ಇಸಿಡೋರಾ ಒಬ್ಬಳೇ. ಅವಳು ನಗು ತಡೆಯಲು ಕಷ್ಟಪಡುತ್ತಿದ್ದಳು.

ಬೆಲ್‌ಗ್ರೇಡಿನ ಸ್ಕದಾರ್ಲಿಯಾದಲ್ಲಿ ಬಾಡಿಗೆ ಮನೆ ಸಿಗುವುದೆಂದರೆ ಹುಡುಗಾಟವಲ್ಲ. ಚಿತ್ರಕಾರರಿಗೆ, ನಟರಿಗೆ, ಹಾಡುಗಾರರಿಗೆ ಎಲ್ಲರಿಗೂ ಅದೇ ಕಲ್ಲುಹಾಸಿನ ಬೀದಿ ಬೇಕು. ಈಗೀಗ ವಕೀಲರಿಗೂ ಬೇಕು. ಇಸಿಡೋರಾ ಬೊಂಬೆಯಾಟದವರಿಗೆ ಬೊಂಬೆಗಳ ಮುಖಕ್ಕೆ ಬಣ್ಣ ಬರೆಯುವವಳು. ಹುಬ್ಬಿನ ಗೆರೆ ಕೂದಲೆಳೆಯಷ್ಟು ಅಲುಗಿದರೂ ರಾಜಕುಮಾರಿ ಕಳ್ಳಿಯಾಗುತ್ತಾಳೆ. ಹಳೆಯ ಮನೆಯ ಕೆಳಗೆ ಹೋಟೆಲು ಬಂದ ಮೇಲೆ ಆ ಗದ್ದಲಕ್ಕೆ ಕೈ ನಿಲ್ಲದೆ ಎರಡು ಬೊಂಬೆ ವಾಪಸಾಗಿದ್ದವು. ಮೂರನೆಯದೂ ಕೆಟ್ಟರೆ ಕೆಲಸವೇ ಹೋಗುತ್ತಿತ್ತು. ಈ ಮನೆಯನ್ನು ಭಾನುವಾರ ಸಂಜೆ ಹೊರಗಿನಿಂದ ನೋಡಿದ್ದಳು. ಬಣ್ಣದ ಕೆಲಸಕ್ಕೆ ಹದವಾದ ಬೆಳಕು ಕೊಡುವ ಉತ್ತರದ ಕಿಟಕಿ, ಸದ್ದಿಲ್ಲದ ಹಿತ್ತಲು. ಇದು ತನಗೇ ಎಂದು ಅಂದೇ ಹಟ ಹಿಡಿದಿದ್ದಳು.

ಅದಕ್ಕೇ ಈ ಉಪಾಯ. ಮದುವೆಗಳಲ್ಲಿ ತುತ್ತೂರಿ ಊದುವ ತಾದಿಯಾನ ಮಗುವಿಗೆ ಹೆಸರಿಟ್ಟ ಧರ್ಮತಾಯಿ ಇವಳೇ; ಆ ನಂಟಿನವಳ ಮಾತನ್ನು ಅವನು ತೆಗೆದುಹಾಕುವಂತಿರಲಿಲ್ಲ. ಹಿಂದಿನ ಮೆಟ್ಟಿಲಲ್ಲಿ ನಿಂತು ಹನ್ನೊಂದಕ್ಕೆ ಊದು, ಎಷ್ಟು ಕೆಟ್ಟದಾಗಿ ಸಾಧ್ಯವೋ ಅಷ್ಟು, ಎಂದಿದ್ದಳು. ಪುಣ್ಯಾತ್ಮ ಜೀವಮಾನದಲ್ಲಿ ಮೊದಲ ಸಲ ಹೊತ್ತಿಗೆ ಸರಿಯಾಗಿ ಬಂದಿದ್ದ. ಇಷ್ಟು ಕೆಟ್ಟದಾಗಿ ಊದಲು ಅವನಿಗೆ ಬರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ಮನೆಯೊಡತಿ ಕೊಸಾರಾ ಅಜ್ಜಿ ಮಾತ್ರ ಏನೂ ಆಗದವರಂತೆ ನಿಂತಿದ್ದರು. ಜೂನ್ ತಿಂಗಳ ಸೆಕೆಯಲ್ಲೂ ಎರಡೂ ಕಿವಿಗೆ ಹತ್ತಿ. ಮಾತಾಡುವಾಗ ಎದುರಿನವರ ತುಟಿಯನ್ನೇ ನೋಡುತ್ತಿದ್ದರು.

"ಗಾಳಿ ಕಣಮ್ಮಾ," ಎಂದರು ಅಜ್ಜಿ, ಅವಳ ನೋಟ ಕಂಡು. "ಎದುರುಬದುರು ಕಿಟಕಿ. ನನ್ನ ವಯಸ್ಸಿಗೆ ಕಿವಿಯೊಳಗೆ ಹೊಕ್ರೆ ಮುಗೀತು."

ಎದುರುಬದುರು ಗಾಳಿ ಬಡಿದರೆ ಕಾಯಿಲೆ ಎಂದು ಆ ಊರಿನ ಹಿರಿಯರೆಲ್ಲ ನಂಬುವವರೇ; ಇಸಿಡೋರಾಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವಳ ತಾಯಿಯೂ ಬಸ್ಸಿನಲ್ಲಿ ಕಿಟಕಿ ತೆರೆದವರ ಜೊತೆ ಜಗಳವಾಡದೆ ಇಳಿದವಳಲ್ಲ. ತಾನೇ ಹೋಗಿ ಕಿಟಕಿ ಮುಚ್ಚಿ ಬಂದಳು.

ಆಮೇಲೆ ಚೌಕಾಸಿ. ಈ ಗಲಾಟೆಯಲ್ಲಿ ಯಾರಿರುತ್ತಾರೆ ಎಂದು ಮುಖ ಸಿಂಡರಿಸಿ ಬಾಡಿಗೆ ಇಳಿಸಿದಳು. ಅಜ್ಜಿ ಕೂಡಲೇ ಒಪ್ಪಿದರು. ನಾಳೆ ಮನಸ್ಸು ಬದಲಿಸಿಯಾರೆಂದು ಮೂರು ವರ್ಷದ ಕರಾರು ಕೇಳಿದಳು. ನಡುವೆ ಇಬ್ಬರಲ್ಲಿ ಯಾರೂ ಅದನ್ನು ಮುರಿಯುವಂತಿಲ್ಲ. ಅಜ್ಜಿ ಕನ್ನಡಕವನ್ನೂ ಹುಡುಕದೆ ರುಜು ಹಾಕಿದರು.

"ನಿನ್ನಂಥವಳಿಗೇ ಕಾಯ್ತಾ ಇದ್ದೆ," ಎಂದರು.

ಅಂದೇ ಸಂಜೆ ತಾದಿಯಾನ ಮನೆಗೆ ಉಪಕಾರಕ್ಕೆಂದು ಒಂದು ಸೀಸೆ ರಾಕಿಯಾ, ಹಣ್ಣಿನ ಸಾರಾಯಿ, ಹೋಯಿತು.

ಹೊಸ ಮನೆಯ ಮೊದಲ ಬೆಳಿಗ್ಗೆ. ಮೇಜಿನ ಮೇಲೆ ಅಜ್ಜಿ ಹೊಸಬರನ್ನು ಸ್ವಾಗತಿಸುವ ವಾಡಿಕೆಯಂತೆ ಬ್ರೆಡ್ಡು, ಉಪ್ಪು ಇಟ್ಟುಹೋಗಿದ್ದರು; ಜೊತೆಗೆ ದಿಂಬಿನಷ್ಟು ದೊಡ್ಡ, ಹಗುರವಾದ ಒಂದು ಪೊಟ್ಟಣ. "ಗಾಳಿ ಜೋರಾದಾಗ ಬಿಚ್ಚು" ಎಂಬ ಚೀಟಿ ಅದರ ಮೇಲಿತ್ತು. ಪಾಪ, ಒಳ್ಳೆಯ ಹೆಂಗಸು ಎಂದುಕೊಂಡು ಇಸಿಡೋರಾ ಅದನ್ನು ಬದಿಗೆ ಸರಿಸಿ ಕುಂಚ ಹಿಡಿದಳು. ಮೂರನೆಯ ಬೊಂಬೆಯ ಎಡಹುಬ್ಬು ಅರ್ಧಕ್ಕೆ ಬಂದಿತ್ತು. ಹನ್ನೊಂದು ಹೊಡೆಯಿತು.

ತುತ್ತೂರಿ ಅರಚಿತು. ರಾಜಕುಮಾರಿಯ ಹುಬ್ಬು ಕಿವಿಯವರೆಗೆ ಹೋಯಿತು.

ಇದು ತಾದಿಯಾನದೇ ಕುಚೇಷ್ಟೆ ಎಂದು ಸಿಟ್ಟಿನಿಂದ ಫೋನ್ ಮಾಡಿದಳು. ತಮಾಷೆ ಸಾಕು, ನಿಲ್ಲಿಸು ಎಂದು ಬೈದಳು. ಆ ಕಡೆಯಿಂದ ಬಂದದ್ದು ನಿದ್ದೆಗಣ್ಣಿನ ದನಿ.

"ಏನು ನಿಲ್ಲಿಸಲಿ? ಇನ್ನೂ ಹಾಸಿಗೇಲೇ ಇದೀನಿ." ಆಕಳಿಸಿ ಹೇಳಿದ, "ಅವತ್ತೂ ಎದ್ದಿರಲಿಲ್ಲ ಕಣೇ. ನಿನ್ನ ಸೀಸೆ ಬಂದ ಮೇಲೆ ಹೇಳೋಕೆ ಬಾಯೇ ಬರಲಿಲ್ಲ."

ಗೋಡೆಯಾಚೆ ಅದೇ ಸ್ವರ ಮತ್ತೆ ಜಾರಿಬಿತ್ತು. ಇಸಿಡೋರಾ ಫೋನ್ ಕೆಳಗಿಟ್ಟು ಪೊಟ್ಟಣವನ್ನು ಹತ್ತಿರಕ್ಕೆಳೆದು ದಾರ ಬಿಚ್ಚಿದಳು.

ಒಳಗೆ ಮೂರು ವರ್ಷಕ್ಕಾಗುವಷ್ಟು ಹತ್ತಿ ಇತ್ತು.