ಬುರುಡೆಗೆ ಬಳಿದ ವಿಭೂತಿ

ಹೊಲದ ಗುಂಡಿಯಲ್ಲಿ ಸಿಕ್ಕ ಅಸ್ಥಿಪಂಜರದ ಹಣೆಗೆ ಗುರುಮಲ್ಲಪ್ಪ ಮೂರು ಬೆರಳಿನಿಂದ ವಿಭೂತಿ ಎಳೆಯುವುದಕ್ಕೂ, ಮೂಳೆ ಪರೀಕ್ಷಿಸುತ್ತಿದ್ದ ಪುರಾತತ್ವ ಇಲಾಖೆಯ ಶೈಲಶ್ರೀ “ಮುಟ್ಟಬೇಡಿ ಸಾರ್” ಎಂದು ಕೂಗುವುದಕ್ಕೂ ಸರಿಹೋಯಿತು.

“ನನ್ನ ಒಲ, ನನ್ನ ಮೂಲಪುರುಷ. ಕೂರ್ಸಿ ಮಣ್ಣು ಮಾಡವ್ರೆ ನೋಡಿ, ಅಂದ್ಮೇಲೆ ನಮ್ಮೋನೇ. ಕುದ್ರೆ ಮೇಲೆ ಮೆರ್ದಿರೋ ಪಾಳೇಗಾರ!” ಎಂದು ಆತ ಗೆಟ್ಟವಾಡಿಗೆಲ್ಲ ಕೇಳುವಂತೆ ಸಾರಿದ.

ಶೈಲಶ್ರೀ ಕತ್ತಿನ ಮೂಳೆಗಳತ್ತ ಬೆರಳು ತೋರಿದಳು. ಅವು ಒಂದಕ್ಕೊಂದು ತಿಕ್ಕಿ ಸವೆದು, ಅಂಚಿನಲ್ಲಿ ಮುಳ್ಳಿನಂತೆ ಬೆಳೆದಿದ್ದವು. “ಇದು ಸಂಧಿವಾತ. ವಯಸ್ಸು ಮೂವತ್ತೂ ದಾಟಿಲ್ಲ. ಚಿಕ್ಕಂದಿನಿಂದ ತಲೆ ಮೇಲೆ ಹೊರೆ ಹೊತ್ತವರ ಕತ್ತು ಹೀಗಾಗುತ್ತೆ.”

“ಕೂಲಿಯೋನಾ?” ಗುರುಮಲ್ಲಪ್ಪ ಮೂಗು ಮುರಿದ. ಹೆಗಲ ಟವಲಿನಿಂದ ವಿಭೂತಿಯನ್ನು ಉಜ್ಜಿ ಒರೆಸಿ, ದುಡಿಮೆಯೂ ಅಂಟುರೋಗವೆಂಬಂತೆ ಆ ಟವಲನ್ನೇ ಬೇಲಿಗೆ ಎಸೆದ. ಮಣ್ಣು ಹೊರುತ್ತಿದ್ದ ಚಿಕ್ಕಬಸಮ್ಮನತ್ತ ತಿರುಗಿ, “ಇದು ನಿಮ್ಮೋರ್ದು ಕಣಮ್ಮಿ, ಎತ್ಕೊಂಡೋಗು” ಎಂದ.

ಅವಳು ಬಾಂಡ್ಲಿ ಇಳಿಸಿ, ತಲೆಯ ಸಿಂಬೆ ತೆಗೆದು ನಿಧಾನವಾಗಿ ಕೊಡವಿದಳು.

“ಅಯ್ಯೋ ಬುದ್ದಿ, ಒರುಸ್ಬುಟ್ರಾ? ನಿಮ್ಮ ವಂಸದಲ್ಲಿ ಒಬ್ನಾದ್ರೂ ಗೇದವ್ನೆ ಅಂತ ಈಗ್ತಾನೆ ಕುಸಿಪಟ್ಟಿದ್ದೆ.”